ಕಿಲೋಮೀಟರಿಗೆ ಹತ್ತು ರೂಪಾಯಿ

ಭಾನುವಾರ ಬೆಳಗಿನ ಜಾವ ಎದ್ದು ಮ್ಯಾರಥಾನ್ ಓಡೋರು ಈಗ ನಮ್ಮ ಊರುಗಳಲ್ಲೂ ಕಾಣಸಿಗುತ್ತಾರೆ. ಕೆಲವರು ಬರೀ ಮೆಡಲ್‌ಗಾಗಿ ಓಡುವುದಿಲ್ಲ, ಮಾಜಿ ಸೈನಿಕರಿಗೆ ದುಡ್ಡು ಕೂಡಿಸೋಕೆ ಓಡ್ತಾರೆ. ಆಗ ಒಂದು ಪ್ರಶ್ನೆ ಬಂದೇ ಬರುತ್ತೆ. "ಸೈನಿಕರಿಗೆ ಪೆನ್ಷನ್ ಇದೆ, ಕ್ಯಾಂಟೀನ್ ಇದೆ, ಮಿಲಿಟರಿ ಆಸ್ಪತ್ರೆ ಇದೆ. ಇನ್ನು ನಾವ್ಯಾಕೆ ಕೊಡಬೇಕು ಸ್ವಾಮಿ?"

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕೋಣ.

ಜವಾನನಿಗೆ ಸೇವಾ ಪೆನ್ಷನ್ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. ಸೇವೆಯಲ್ಲಿ ಗಾಯಗೊಂಡು ಅಂಗವಿಕಲರಾದವರ ನಿಯಮ ಬೇರೆ. ಆದರೆ 15 ವರ್ಷ ತುಂಬುವ ಮೊದಲೇ ಸಮವಸ್ತ್ರ ಕಳಚಿ ಊರಿಗೆ ಬಂದವರಿದ್ದಾರೆ. ಅವರಲ್ಲಿ 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡವರಿಗೆ ಮತ್ತು ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳ ನೆರವು ಕೊಡುತ್ತೆ. ಎಷ್ಟು? ವರ್ಷಗಟ್ಟಲೆ 4,000 ರೂಪಾಯಿ ಇತ್ತು. 2025ರ ನವೆಂಬರ್‌ನಿಂದ 8,000 ಆಗಿದೆ. ಇದಕ್ಕೆ ಆಧಾರ ಧ್ವಜ ದಿನದ ನಿಧಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಜನ ಎದೆಗೆ ಪುಟ್ಟ ಬಾವುಟ ಚುಚ್ಚಿಕೊಂಡು ಕೊಡುವ ದೇಣಿಗೆ ಇದೆಯಲ್ಲ, ಅದು ಸೇರೋದು ಈ ನಿಧಿಗೇ. ಅಂದರೆ ಪೆನ್ಷನ್ ಮುಟ್ಟದ ಮನೆಗೆ ನಮ್ಮ ನಿಮ್ಮ ಹಣ ಮುಟ್ಟಬೇಕು.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಒಂದು ಸಣ್ಣ ಲೆಕ್ಕ. ಫುಲ್ ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಒಬ್ಬ ಓಟಗಾರನಿಗೆ ಇಪ್ಪತ್ತು ಜನ ಗೆಳೆಯರು ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ ಕೊಟ್ಟರೆ, ತಲೆಗೆ ಸುಮಾರು 420 ರೂಪಾಯಿ. ಒಟ್ಟು 8,400 ದಾಟುತ್ತೆ. ಒಬ್ಬ ಅಜ್ಜನ ಒಂದು ತಿಂಗಳು ನಡೆಯಿತು! ಅಂಥ ಹನ್ನೆರಡು ಜನ ಓಡಿದರೆ ಒಂದು ವರ್ಷ.

"ದುಡ್ಡು ಕೊಡೋಕೆ ಓಡಬೇಕಾ?" ಅಂತೀರಿ. ಬೇಕಿಲ್ಲ. ಆದರೆ ಸುಮ್ಮನೆ ಕೈ ಚಾಚೋಕೆ ನಮಗೆ ಸಂಕೋಚ. ತಿಂಗಳುಗಟ್ಟಲೆ ಬೆವರು ಸುರಿಸಿದವನು ಕೇಳಿದರೆ ಇಲ್ಲ ಅನ್ನೋದು ಕಷ್ಟ. 2004ರಿಂದ ನಡೆಯುತ್ತಿರುವ ಮುಂಬೈ ಮ್ಯಾರಥಾನ್ ಬೆಳೆದಿದ್ದು ಹೀಗೇನೇ. ಓಡುವವರು ತಾವು ನಂಬಿದ ಸಂಸ್ಥೆಗೆ ಹಣ ಸೇರಿಸುತ್ತಾರೆ.

ಇದು ಕರುಣೆಯ ಮಾತಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡ ಮೇಜರ್ ಡಿ.ಪಿ. ಸಿಂಗ್ ಕೃತಕ ಕಾಲಿನಲ್ಲಿ ಹಾಫ್ ಮ್ಯಾರಥಾನ್‌ಗಳನ್ನೇ ಓಡಿದರು. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳೀಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಇವರಿಗೆ ಅಯ್ಯೋ ಪಾಪ ಅನ್ನೋಕೆ ನಾವ್ಯಾರು? ಕೊಡಬೇಕಾಗಿರೋದು ಋಣ ಅಂತ ಕೊಡಬೇಕು.

ಹಾಗಂತ ಕಣ್ಣು ಮುಚ್ಚಿ ಕೊಡಬೇಡಿ. 'ಸೈನಿಕರಿಗಾಗಿ ಓಟ' ಅಂತ ಬ್ಯಾನರ್ ಕಂಡರೆ ಮೂರು ಪ್ರಶ್ನೆ ಕೇಳಿ. ನನ್ನ ಪ್ರವೇಶ ಶುಲ್ಕದಲ್ಲಿ ಟೀ ಶರ್ಟು, ವೇದಿಕೆ, ಮೈಕಿನ ಖರ್ಚು ಕಳೆದು ಉಳಿಯೋದೆಷ್ಟು? ಅದು ಯಾರ ಕೈಗೆ ಹೋಗುತ್ತೆ? ಲೆಕ್ಕ ಯಾವತ್ತು ಕೊಡ್ತೀರಿ? ಉತ್ತರ ಬಂದರೆ ಓಡಿ. ಬರಲಿಲ್ಲವೋ, ಆ ದುಡ್ಡನ್ನು ನೇರವಾಗಿ ಧ್ವಜ ದಿನದ ನಿಧಿಗೆ ಹಾಕಿ. ಸೈನಿಕನ ಹೆಸರು ಹೇಳಿ ಹಣ ಎತ್ತುವವರು ಪೈಸೆ ಪೈಸೆಗೂ ಲೆಕ್ಕ ಕೊಡಲೇಬೇಕು.

ಮುಂದಿನ ಸಲ ಓಟಗಾರರು ಎದುರಾದರೆ ಚಪ್ಪಾಳೆ ತಟ್ಟಿ, ನೀರು ಕೊಡಿ. "ಸಾರ್, ಕಿಲೋಮೀಟರಿಗೆ ಎಷ್ಟು ಬರೆದುಕೊಳ್ಳಲಿ?" ಅಂತ ಕೇಳಿದರೆ ಮಾತ್ರ ಮುಖ ತಿರುಗಿಸಬೇಡಿ.