ಕುಗ್ಗಿದ ದನಿಯನ್ನು ಎತ್ತುವ ಬಗೆ

ಯಲ್ಲಾಪುರದ ಸೀಮೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಬಯಲಾಟದ ರಂಗಸ್ಥಳಕ್ಕೆ ಬಿಡುವು. ಆಗ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ; ಪದ ಮತ್ತು ಮಾತು, ಅಷ್ಟೆ. ಇಂದು ಅಂಥ ಕೂಟ ನಡೆದಲ್ಲೆಲ್ಲ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ಮೊಬೈಲ್ ಫೋನನ್ನು ಕಂಬಕ್ಕೆ ಒರಗಿಸಿ ವಿಡಿಯೋ ತೆಗೆಯುತ್ತಿರುತ್ತಾರೆ. ಮನೆಗೆ ಹೋಗಿ ನೋಡಿದರೆ ಚಿತ್ರ ಸೊಗಸಾಗಿದೆ, ಭಾಗವತರ ಪದವೂ ಕೇಳುತ್ತದೆ, ಆದರೆ ಅರ್ಥಧಾರಿಯ ಮಾತು ಬಾವಿಯ ತಳದಿಂದ ಬಂದಂತಿರುತ್ತದೆ.

ಇದು ಸಣ್ಣ ತೊಂದರೆಯೆಂದು ನನಗೆ ತೋರುವುದಿಲ್ಲ. ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿರುವುದು ಪದ್ಯಗಳು ಮಾತ್ರ. ಅರ್ಥವೆಂಬುದು ಆ ಹೊತ್ತಿಗೆ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟತಕ್ಕದ್ದು. ಹಿರಿಯ ಅರ್ಥಧಾರಿಯೊಬ್ಬರು ತೀರಿಕೊಂಡ ಮೇಲೆ ಅವರು ಆಡಿದ ಆ ರಾತ್ರಿಯ ಕೃಷ್ಣನಿಗೆ ಬೇರೆ ಪ್ರತಿಯೇ ಇಲ್ಲ. ಇದ್ದರೆ ಈ ಕೇಳಿಸದ ವಿಡಿಯೋ ಒಂದೇ. ಆದುದರಿಂದ ಅದನ್ನು ಕೇಳುವಂತೆ ಮಾಡುವ ಬಗೆ ತಿಳಿದಿರುವುದು ಒಳ್ಳೆಯದು.

ವಿಡಿಯೋ ಸಂಕಲನದ ತಂತ್ರಾಂಶ ಯಾವುದೇ ಇರಲಿ, ಕೆಡೆನ್‌ಲೈವ್, ಶಾಟ್‌ಕಟ್, ಡಾವಿಂಚಿ ರಿಸಾಲ್ವ್, ಅದರಲ್ಲಿ 'ಗೇನ್' ಎಂಬ ಒಂದು ಹಿಡಿ ಇದ್ದೇ ಇರುತ್ತದೆ. ಧ್ವನಿಯನ್ನು ಮಾತ್ರ ಬೇರ್ಪಡಿಸಿ ತಿದ್ದುವವರಿಗೆ 2000ದಲ್ಲಿ ಹೊರಬಂದ ಆಡಾಸಿಟಿ ಪುಕ್ಕಟೆಯಾಗಿಯೇ ಸಿಗುತ್ತದೆ. ಅಳತೆಯ ಮಾನ ಡೆಸಿಬಲ್. 6 ಡೆಸಿಬಲ್ ಏರಿಸಿದರೆ ಅಲೆಯ ಎತ್ತರ ಸುಮಾರು ಎರಡರಷ್ಟಾಗುತ್ತದೆ. 20 ಏರಿಸಿದರೆ ಹತ್ತರಷ್ಟು. ಆದರೆ ಗಣಕಯಂತ್ರದಲ್ಲಿ ಸೊನ್ನೆಯೆಂಬುದು ಮನೆಯ ಮಾಡಿದ್ದಂತೆ. ಉಳಿದೆಲ್ಲ ಸದ್ದು ಅದರ ಕೆಳಗೆ, ಋಣ ಸಂಖ್ಯೆಗಳಲ್ಲಿ. ಸೊನ್ನೆಯನ್ನು ದಾಟ ಹೊರಟ ಅಲೆಯ ತಲೆ ಚಪ್ಪಟೆಯಾಗಿ ದನಿ ಒಡೆಯುತ್ತದೆ; ಹಾಗೆಯೇ ಕಡತಕ್ಕೆ ಇಳಿಸಿಬಿಟ್ಟರೆ ಮತ್ತೆ ಸರಿಪಡಿಸುವುದು ಬಹಳ ಕಷ್ಟ.

ಇಲ್ಲಿಯೇ ತಾಳಮದ್ದಳೆಯ ತೊಡಕು ಇರುವುದು. ಮದ್ದಳೆಯೊಡನೆ ಚಂಡೆಯೂ ಇದ್ದಲ್ಲಿ, ಅದರ ಒಂದು ಪೆಟ್ಟು ಋಣ 2ರವರೆಗೆ ಏರಿರುತ್ತದೆನ್ನಿ. ಮಾತು ಋಣ 30ರ ಸುತ್ತ ತೆವಳುತ್ತಿರುತ್ತದೆ. 'ನಾರ್ಮಲೈಸ್' ಎಂಬ ಗುಂಡಿ ಒತ್ತಿದಿರಿ. ಯಂತ್ರ ಅತ್ಯಂತ ದೊಡ್ಡ ಸದ್ದನ್ನು ನೋಡಿ, ಮಾಡಿಗೆ ಇನ್ನು 2 ಡೆಸಿಬಲ್ ಮಾತ್ರ ಜಾಗವಿದೆಯೆಂದು ತಿಳಿದು, ಎಲ್ಲವನ್ನೂ ಅಷ್ಟೇ ಏರಿಸುತ್ತದೆ. ಮಾತು ಇದ್ದಲ್ಲಿಯೇ ಉಳಿಯಿತು. ತಂತ್ರಾಂಶ ಕೆಟ್ಟಿದೆಯೆಂದು ಬಯ್ಯುವವರುಂಟು. ಪಾಪ, ಅದು ಹೇಳಿದ್ದನ್ನು ಮಾಡಿದೆ.

ಆದರೆ ತಾಳಮದ್ದಳೆಯ ಕಟ್ಟೇ ಇದಕ್ಕೊಂದು ಅನುಕೂಲ ಒದಗಿಸಿದೆ. ಪದ ಮುಗಿದ ಮೇಲೆ ಅರ್ಥ, ಅರ್ಥ ಮುಗಿದ ಮೇಲೆ ಪದ. ಎರಡೂ ಬಹುಮಟ್ಟಿಗೆ ಬೇರೆ ಬೇರೆ. ಹಾಗಾಗಿ ಧ್ವನಿಪಟ್ಟಿಯನ್ನು ಆಯಾ ಸಂಧಿಯಲ್ಲಿ ಕತ್ತರಿಸಿ, ಮಾತಿನ ತುಂಡುಗಳನ್ನಷ್ಟೇ 15 ಅಥವಾ 18 ಡೆಸಿಬಲ್ ಏರಿಸಿ, ಪದವನ್ನು ಇದ್ದಂತೆ ಬಿಡಬಹುದು. ಕತ್ತರಿಸಿದಲ್ಲಿ ಸದ್ದು ಥಟ್ಟನೆ ಹಾರದಂತೆ ಒಂದು ಸಣ್ಣ ಇಳಿಜಾರು ಕೊಡಬೇಕು. ಇನ್ನೊಂದು ಸೂಕ್ಷ್ಮ. ಅನೇಕ ಫೋನುಗಳು ದೊಡ್ಡ ಸದ್ದು ಬಂದೊಡನೆ ತಾವೇ ಮಟ್ಟ ತಗ್ಗಿಸಿ, ಆಮೇಲೆ ಮೆಲ್ಲನೆ ಏರಿಸಿಕೊಳ್ಳುತ್ತವೆ. ಹೀಗಾಗಿ ಚಂಡೆ ನಿಂತ ಕೂಡಲೇ ಬರುವ ಮೊದಲ ಎರಡು ಮೂರು ಶಬ್ದಗಳು ಎಲ್ಲಕ್ಕಿಂತ ಕುಗ್ಗಿರುತ್ತವೆ. ಪಾತ್ರದ ಸಂಬೋಧನೆಯೇ ಅಲ್ಲಿರುವುದು! ಅವಕ್ಕೆ ಮಿಕ್ಕ ಮಾತಿಗಿಂತ ಸ್ವಲ್ಪ ಹೆಚ್ಚು ಕೊಡತಕ್ಕದ್ದು.

ಮಾತಿನೊಳಗಿನ ಏರಿಳಿತಕ್ಕೆ 'ಕಂಪ್ರೆಸರ್' ಉಂಟು. ಗೊತ್ತುಮಾಡಿದ ಮಟ್ಟವನ್ನು ಮೀರಿದ ಸದ್ದನ್ನು ಅದು ತಗ್ಗಿಸುತ್ತದೆ. 3ಕ್ಕೆ 1 ಎಂದಿಟ್ಟರೆ 3 ಡೆಸಿಬಲ್ ಮೀರಿದ್ದು 1 ಆಗುತ್ತದೆ. ಮೇಲೆ ಜಾಗ ದೊರೆಯಿತು, ಇನ್ನು ಒಟ್ಟನ್ನು ಏರಿಸಬಹುದು. ಕೊನೆಯಲ್ಲಿ ಋಣ 1ಕ್ಕೆ 'ಲಿಮಿಟರ್' ಇಟ್ಟರೆ ಯಾರದೋ ಕೆಮ್ಮು, ಚಪ್ಪಾಳೆ ಮಾಡನ್ನು ತಾಗುವುದಿಲ್ಲ. ಬಾನುಲಿಯಲ್ಲಿ ಇದು ಹೊಸತೇನಲ್ಲ. ಅಮೆರಿಕದ ಪ್ರಸಾರ ಸಂಸ್ಥೆಗಳು 1939ರಲ್ಲಿ ಒಪ್ಪಿ ಬಳಕೆಗೆ ತಂದ ವಿ.ಯು. ಮೀಟರಿನ ಮುಳ್ಳನ್ನು ನೋಡುತ್ತ, ಕೈಯಿಂದ ಗುಂಡಿ ತಿರುಗಿಸಿ ಇದೇ ಕೆಲಸ ಮಾಡುತ್ತಿದ್ದರು. ಹೆಚ್ಚು ಅದುಮಿದರೆ ಮಾತ್ರ ಪಿಸುಮಾತೂ ಗರ್ಜನೆಯೂ ಒಂದೇ ಆಗಿ, ಭೀಮನಿಗೂ ಧರ್ಮರಾಯನಿಗೂ ಭೇದ ಉಳಿಯುವುದಿಲ್ಲ.

ಇನ್ನು ಮಳೆಯ ಮಾತು. ಅರ್ಥವನ್ನು 15 ಡೆಸಿಬಲ್ ಏರಿಸಿದರೆ ಹೆಂಚಿನ ಮೇಲಿನ ಮಳೆಯೂ, ಜೀರುಂಡೆಯೂ, ಫ್ಯಾನಿನ ಗುಂಯ್‌ಗುಟ್ಟುವಿಕೆಯೂ ಅಷ್ಟೇ ಏರುತ್ತವೆ. ಆದ್ದರಿಂದ ಸದ್ದು ಕಳೆಯುವ ಕೆಲಸವನ್ನು ಏರಿಸುವ ಮುನ್ನವೇ ಮಾಡುವುದು ಮೇಲು. ಯಾರೂ ಮಾತಾಡದ ಒಂದೆರಡು ಸೆಕೆಂಡಿನ ತುಣುಕನ್ನು ಮಾದರಿಯಾಗಿ ಕೊಟ್ಟರೆ ಆಡಾಸಿಟಿ ಅಂಥ ಸದ್ದನ್ನು ಉಳಿದ ಕಡೆಯೂ ತಗ್ಗಿಸುತ್ತದೆ. ಒಂದೇ ಸಮನೆ ತಿರುಗುವ ಫ್ಯಾನಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಳೆಗೆ ಅಷ್ಟಾಗಿ ಒಗ್ಗದು. ಅದು ಜೋರಾಗುತ್ತದೆ, ಸಣ್ಣದಾಗುತ್ತದೆ, ಗಾಳಿಯೊಡನೆ ತಿರುಗುತ್ತದೆ. ಮೇಲಾಗಿ ಮಳೆಯ ಸದ್ದೂ ನಮ್ಮ ಸಕಾರ ಶಕಾರಗಳ ಸದ್ದೂ ಒಂದೇ ನೆಲೆಯಲ್ಲಿ ಕಲೆತಿರುತ್ತವೆ. ಮಳೆಯನ್ನು ಪೂರ್ತಿ ಅಳಿಸ ಹೋದರೆ ಅವೂ ಸವೆದು, ಮಾತು ನೀರೊಳಗಿನಿಂದ ಬಂದಂತಾಗುತ್ತದೆ. ಅರ್ಧ ತಗ್ಗಿಸಿ ಬಿಟ್ಟುಬಿಡಿ. ಆಷಾಢದ ಕೂಟದಲ್ಲಿ ಮಳೆ ಒಂದಿಷ್ಟು ಕೇಳಿಸಿದರೆ ನಷ್ಟವೇನು?

ಇಷ್ಟೆಲ್ಲ ಮಾಡುವಾಗ ಮೂಲ ಕಡತವನ್ನು ಮುಟ್ಟದೆ ಬೇರೆ ಕಡೆ ತೆಗೆದಿಡಬೇಕು. ನಾಳೆ ಇದಕ್ಕಿಂತ ಒಳ್ಳೆಯ ಉಪಕರಣ ಬಂದೀತು. ಇನ್ನು ಮುಂದಿನ ಕೂಟಕ್ಕೆ ಹೋಗುವವರು ಒಂದನ್ನು ಗಮನಿಸಿರಿ. ಬಯಲಿನಲ್ಲಿ ಮೈಕಿನ ದೂರವನ್ನು ಅರ್ಧಕ್ಕಿಳಿಸಿದರೆ ಮಾತು 6 ಡೆಸಿಬಲ್ ಏರುತ್ತದೆ; ಜಗಲಿಯೊಳಗೆ ಪ್ರತಿಧ್ವನಿಯಿಂದಾಗಿ ಸ್ವಲ್ಪ ಕಡಮೆ. 16 ಅಡಿ ದೂರದ ಕಂಬಕ್ಕೆ ಒರಗಿಸಿದ ಫೋನನ್ನು ಅರ್ಥಧಾರಿಯ ಮುಂದೆ 4 ಅಡಿಗೆ ತಂದಿಟ್ಟರೆ 12 ಡೆಸಿಬಲಿನ ಸಮೀಪ ಲಾಭ, ಅದೂ ಹೆಂಚಿನ ಮೇಲಿನ ಮಳೆಯನ್ನು ಏರಿಸದೆಯೇ.