ಪೋಲೊ ಜಿಟಿಗೆ ದೊಡ್ಡ ಅಲಾಯ್ ಹಾಕಿಸೋ ಮುಂಚೆ

ಈ ಟೈರನ್ನ ಸ್ವಲ್ಪ ಹತ್ತಿರದಿಂದ ನೋಡಿ. ಇಲ್ಲಿ, ನನ್ನ ಹೆಬ್ಬೆರಳಿನ ಪಕ್ಕದಲ್ಲಿ, ಅರ್ಧ ನಿಂಬೆಹಣ್ಣು ಒಳಗೆ ಸಿಕ್ಕಿಕೊಂಡ ಹಾಗೆ ಉಬ್ಬಿದೆ. ರಬ್ಬರ್ ಎಲ್ಲೂ ಹರಿದಿಲ್ಲ, ಗಾಳಿಯೂ ಇಳಿದಿಲ್ಲ. ಆದರೆ ಒಳಗಿನ ದಾರದ ಪದರ ಕಡಿದುಹೋಗಿದೆ, ಆ ಜಾಗದಲ್ಲಿ ಗಾಳಿಯನ್ನ ತಡೆದು ನಿಲ್ಲಿಸಿರೋದು ಬರೀ ರಬ್ಬರ್. ಇದಕ್ಕೆ ರಿಪೇರಿ ಇಲ್ಲ. ಬಿಚ್ಚಿ ಬಿಸಾಡಬೇಕು ಅಷ್ಟೆ.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಕಡೆ ಹೋಗ್ತಿದ್ದೆ. ಮಳೆಗಾಲ. ರಸ್ತೆಯಲ್ಲಿ ನೀರು ನಿಂತಿತ್ತು, ಅದರಡಿಯಲ್ಲಿ ಗುಂಡಿ ಇದೆ ಅಂತ ಗೊತ್ತಾಗಲಿಲ್ಲ. ಸ್ಪೀಡೂ ಏನು ಜಾಸ್ತಿ ಇರಲಿಲ್ಲ, 50ರ ಆಸುಪಾಸು. ಧಡ್ ಅಂತ ಒಂದೇ ಸದ್ದು. ಮಂಗಳೂರು ಮುಟ್ಟಿ ಗಾಡಿ ತೊಳೆಯುವಾಗ ಈ ಉಬ್ಬು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಹೆಂಡತಿ, ಹಿಂದೆ ಇಬ್ಬರು ಮಕ್ಕಳನ್ನ ಕೂರಿಸಿಕೊಂಡು ನಾನು ಇದೇ ಟೈರಿನ ಮೇಲೆ ಪೂರ್ತಿ ಘಾಟಿ ಇಳಿದಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ಈ ವಿಷಯ ಇಡ್ತಿದ್ದೀನಿ.

ಗಾಡಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 2013ರಲ್ಲಿ ನಮ್ಮ ಮಾರುಕಟ್ಟೆಗೆ ಬಂತು. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, 7 ಗೇರಿನ ಡಿಎಸ್‌ಜಿ. 2022ಕ್ಕೆ ಪೋಲೊ ಮಾರಾಟವೇ ನಿಂತರೂ ಇಟ್ಟುಕೊಂಡವರು ಬಿಡ್ತಿಲ್ಲ, ಹಳೇ ಗಾಡಿ ಹುಡುಕಿ ತಗೊಳ್ಳೋರೂ ತುಂಬಾ ಜನ. ತಗೊಂಡ ತಕ್ಷಣ ಬರೋ ಮೊದಲ ಆಸೆ, ಜೆ.ಸಿ. ರಸ್ತೆಗೆ ಹೋಗಿ 17 ಇಂಚಿನ ಅಲಾಯ್ ಹಾಕಿಸಬೇಕು ಅನ್ನೋದು. ನನಗೂ ಬಂದಿತ್ತು. ಆ ಆಸೆ ತಪ್ಪಲ್ಲ. ತುಂಬಿಕೊಂಡ ಚಕ್ರ ಗಾಡಿಗೆ ಒಂದು ಗತ್ತು ಕೊಡುತ್ತೆ, ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ಗಾಡಿ ಚೆನ್ನಾಗಿ ಓಡಬೇಕು ಅನ್ನೋರಿಗೆ ನನ್ನ ಮಾತು ಇಷ್ಟೇ: ದುಡ್ಡನ್ನ ಮೊದಲು ಟೈರಿಗೆ ಹಾಕಿ, ಆಮೇಲೆ ರಿಮ್ಮಿಗೆ. ಈ ಗಾಡಿಗೆ 16 ಇಂಚು ಸಾಕು.

ಯಾಕೆ ಅಂತ ಹೇಳ್ತೀನಿ. ಟೈರಿನ ಮೇಲೆ 185/60 ಆರ್ 15 ಅಂತ ಬರೆದಿರುತ್ತಲ್ಲ. 185 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದ್ರೆ ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕೆಯ ಎತ್ತರ, ಆ ಅಗಲದ ಶೇಕಡಾ 60, ಅಂದ್ರೆ 111 ಮಿಲಿಮೀಟರ್. 15 ಅನ್ನೋದು ರಿಮ್ಮಿನ ಇಂಚು. ಮೊದಮೊದಲ ಜಿಟಿಗಳಿಗೆ ಕಂಪನಿ ಕೊಟ್ಟಿದ್ದು ಇದೇ ಸೈಜು. ರಿಮ್ಮಿನ 381 ಮಿಲಿಮೀಟರಿಗೆ ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿ, ಚಕ್ರದ ಪೂರ್ತಿ ಎತ್ತರ 603 ಮಿಲಿಮೀಟರ್. ನಾನು ಹಾಕಿಸಿದ್ದು 215/40 ಆರ್ 17. ಅದರ ಎತ್ತರ 604, ಹೆಚ್ಚುಕಮ್ಮಿ ಅಷ್ಟೇ. ಸ್ಪೀಡೋಮೀಟರ್ ತಪ್ಪಲ್ಲ, ನೋಡಿದರೆ ಲೆಕ್ಕ ಸರಿಯಾಗಿದೆ. ಆದರೆ ಸೈಡ್‌ವಾಲ್ 111ರಿಂದ 86ಕ್ಕೆ ಇಳೀತು. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಇದ್ದ ಮೆತ್ತೆಯಲ್ಲಿ ಒಂದು ಇಂಚು ಹೋಯ್ತು. ಶಿರಾಡಿಯಲ್ಲಿ ಆ ಒಂದು ಇಂಚು ಇದ್ದಿದ್ರೆ ಬಹುಶಃ ಈ ಟೈರ್ ಉಳೀತಿತ್ತು.

ಇನ್ನೊಂದು ವಿಷಯ ನಾನು ಆಗ ನೋಡಲೇ ಇಲ್ಲ, ನೀವು ಖಂಡಿತ ನೋಡಿ. ಸೈಜಿನ ಪಕ್ಕದಲ್ಲಿ 84 ಹೆಚ್, 88 ವಿ ಅಂತ ಇನ್ನೊಂದು ಗುರುತು ಇರುತ್ತೆ. ಆ ಅಂಕಿ ಟೈರ್ ಎಷ್ಟು ಭಾರ ತಡೆಯುತ್ತೆ ಅಂತ ಹೇಳುತ್ತೆ. 84 ಅಂದ್ರೆ 500 ಕೆಜಿ, 88 ಅಂದ್ರೆ 560, 83 ಅಂದ್ರೆ 487. ಅಕ್ಷರ ವೇಗದ ಮಿತಿ: ಹೆಚ್ ಅಂದ್ರೆ 210, ವಿ ಅಂದ್ರೆ 240. ಟೈರ್ ದೊಡ್ಡದಾಗಿ ಕಂಡ ಮಾತ್ರಕ್ಕೆ ಜಾಸ್ತಿ ಭಾರ ಹೊರುತ್ತೆ ಅಂತಲ್ಲ. 215/40 ಆರ್ 17 ಸಾಮಾನ್ಯ ದರ್ಜೆಯದಾದರೆ ಅದು 83, ಅಂದ್ರೆ ಹಳೇ ಸಣ್ಣ ಟೈರಿಗಿಂತ ಕಮ್ಮಿ! ಎಕ್ಸ್‌ಎಲ್ ಅಂತ ಬರೆದಿರೋದಾದರೆ 87 ಇರುತ್ತೆ. ಕಂಪನಿ ಕೊಟ್ಟ ಅಂಕಿಗಿಂತ ಕೆಳಗಿನ ಟೈರನ್ನ ಅಂಗಡಿಯವರು ಎಷ್ಟೇ ಹೊಗಳಿದರೂ ತಗೊಳ್ಳಬೇಡಿ. ಅದೇ ಪಕ್ಕೆಯಲ್ಲಿ ಅಂಡಾಕಾರದ ಒಂದು ಚೌಕಟ್ಟಿನೊಳಗೆ ನಾಲ್ಕು ಅಂಕಿ ಸಿಗುತ್ತೆ. 2323 ಅಂತ ಇದ್ದರೆ 2023ರ 23ನೇ ವಾರ ತಯಾರಾದದ್ದು. ಹಳೇ ದಾಸ್ತಾನು ಕೊಡ್ತಿದ್ದಾರಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

"ಅಗಲ ಟೈರ್ ಹಾಕಿದ್ರೆ ಗ್ರಿಪ್ ಜಾಸ್ತಿ ಅಣ್ಣ" ಅಂತ ಎಲ್ಲರೂ ಹೇಳ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಗಾಡಿ ತೂಕ ಸುಮಾರು 1,100 ಕೆಜಿ, ಇಂಜಿನ್ ಇರೋದು ಮುಂದೆ. ಮುಂದಿನ ಒಂದು ಚಕ್ರದ ಮೇಲೆ 350 ಕೆಜಿ ಕೂತಿದೆ ಅಂತ ಇಟ್ಟುಕೊಳ್ಳಿ. 32 ಪಿಎಸ್‌ಐ ಗಾಳಿ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಎರಡೂಕಾಲು ಕೆಜಿ ಒತ್ತಡ. ಭಾಗಿಸಿದರೆ ಸುಮಾರು 155 ಚದರ ಸೆಂಟಿಮೀಟರ್. ನೆಲ ಮುಟ್ಟೋದು ಅಷ್ಟೇ, ಹೆಚ್ಚುಕಮ್ಮಿ ನಿಮ್ಮ ಒಂದು ಹಸ್ತದಷ್ಟು. ಟೈರ್ ಅಗಲ ಮಾಡಿ ಗಾಳಿ ಅಷ್ಟೇ ಇಟ್ಟರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತೆ, ಒಟ್ಟು ಜಾಗ ಹೆಚ್ಚೇನೂ ಬೆಳೆಯಲ್ಲ. ತಿರುವಿನಲ್ಲಿ ಅಡ್ಡ ಹಿಗ್ಗಿದ್ದರಿಂದ ಲಾಭ ಇದೆ, ನಿಜ. ಆದರೆ ಮಳೆಯಲ್ಲಿ ಅಗಲ ಟೈರು ಪಕ್ಕಕ್ಕೆ ತಳ್ಳಬೇಕಾದ ನೀರೂ ಜಾಸ್ತಿ, ಅದಕ್ಕೇ ನೀರಿನ ಮೇಲೆ ಬೇಗ ತೇಲುತ್ತೆ. ನಿಜವಾದ ಹಿಡಿತ ಬರೋದು ರಬ್ಬರಿನ ಗುಣದಿಂದ. ಮೈಲೇಜಿಗೆ ಅಂತಲೇ ಮಾಡಿದ ಗಟ್ಟಿ ಟೈರ್ ತೆಗೆದು, ಅದೇ ಸೈಜಿನಲ್ಲಿ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲೋ ಟೈರ್ ಹಾಕಿ ಬ್ರೇಕ್ ಹೊಡೆದು ನೋಡಿ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ.

ರೇಸ್ ಕಾರುಗಳಿಗೆ ದೊಡ್ಡ ರಿಮ್ ಇರಲ್ವಾ ಅಂತ ಕೇಳ್ತೀರಿ. ಫಾರ್ಮುಲಾ ಒನ್ ಕಾರುಗಳು 2021ರ ಸೀಸನ್ ಮುಗಿಯೋವರೆಗೂ ಓಡಿದ್ದು 13 ಇಂಚಿನ ರಿಮ್ ಮೇಲೆ, ದಪ್ಪ ಸೈಡ್‌ವಾಲ್ ಇಟ್ಟುಕೊಂಡು. 2022ರಲ್ಲಿ 18 ಇಂಚು ಬಂದದ್ದು ನಿಯಮ ಬದಲಾದದ್ದರಿಂದ, ಅದರ ಜೊತೆಗೆ ಚಕ್ರದ ತೂಕವೂ ಏರಿತು. ರಸ್ತೆ ಕಾರಿಗೆ ದೊಡ್ಡ ರಿಮ್ ನಿಜಕ್ಕೂ ಬೇಕಾಗೋದು ಒಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರಿಸಬೇಕಾದಾಗ. ಪೋಲೊದ ಡಿಸ್ಕ್ 15 ಇಂಚಿನ ರಿಮ್ಮಿನೊಳಗೆ ಆರಾಮಾಗಿ ಕೂರುತ್ತೆ.

ಇನ್ನು ತೂಕ. ನಮ್ಮ ಬೀದಿಯ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ಎರಡೂ ಚಕ್ರ ಇಟ್ಟು ನೋಡಿದೆ. ಟೈರ್ ಸಮೇತ ಕಂಪನಿಯ 15 ಇಂಚಿನದು 16 ಕೆಜಿ ಚಿಲ್ಲರೆ. ನಾನು ಹಾಕಿಸಿದ್ದ 17 ಇಂಚಿನದು 20 ಕೆಜಿ ದಾಟಿತ್ತು. ನಾಲ್ಕು ಕೆಜಿ ಡಿಕ್ಕಿಯಲ್ಲಿದ್ದರೆ ಲೆಕ್ಕಕ್ಕಿಲ್ಲ. ಆದರೆ ಇದು ಸ್ಪ್ರಿಂಗಿನ ಕೆಳಗಿರೋ ತೂಕ, ಹಂಪು ಗುಂಡಿ ಬಂದಾಗ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸಬೇಕಾದ ತೂಕ. ಸಾಲದ್ದಕ್ಕೆ ತಿರುಗೋ ತೂಕ, ಅದೂ ನಡುವಿನಿಂದ ದೂರ ಇರೋದು. ಹಗ್ಗಕ್ಕೆ ಕಲ್ಲು ಕಟ್ಟಿ ಗಿರಗಿರ ತಿರುಗಿಸಿ ನೋಡಿ. ಅದೇ ಕಲ್ಲು, ಹಗ್ಗ ಉದ್ದ ಆದಷ್ಟೂ ತಿರುಗಿಸೋದೂ ಕಷ್ಟ, ನಿಲ್ಲಿಸೋದೂ ಕಷ್ಟ. ಆ ಚುರುಕು ಇಂಜಿನ್ನಿಗೆ ನಾನು ದುಡ್ಡು ಕೊಟ್ಟು ಭಾರ ಕಟ್ಟಿದ್ದೆ. ಸಿಗ್ನಲ್ಲಿನಿಂದ ಹೊರಟಾಗಲೇ ಗೊತ್ತಾಗ್ತಿತ್ತು. ಅದಕ್ಕೇ ರಿಮ್ ಕೊಳ್ಳೋಕೆ ಮುಂಚೆ ತೂಕ ಕೇಳಿ. ಹೇಳೋಕಾಗದಿದ್ದರೆ ಅಲ್ಲೇ ತೂಗಿಸಿ. ಜಪಾನಿನ ಮಾನದಂಡದ ಜೆಡಬ್ಲ್ಯುಎಲ್, ವಿಐಎ ಗುರುತು ರಿಮ್ಮಿನ ಮೇಲೆ ಅಚ್ಚಾಗಿದೆಯಾ ನೋಡಿ. ಯಾವ ಗುರುತೂ ಇಲ್ಲದ ಅಗ್ಗದ ರಿಮ್ ಗುಂಡಿಗೆ ಬಿದ್ದರೆ ಬಾಗೋ ಬದಲು ಸೀಳಿಹೋಗೋ ಅಪಾಯ ಇದೆ.

ಈಗ ಫಿಟಿಂಗ್. ಪೋಲೊಗೆ ಐದು ಬೋಲ್ಟು, ಅವು ಕೂರೋ ವೃತ್ತ 100 ಮಿಲಿಮೀಟರ್. ಈಚಿನ ಆಕ್ಟೇವಿಯಾದ್ದು 112, ಅದು ಕೂರಲ್ಲ. ಆಫ್‌ಸೆಟ್ ಅಂತ ಒಂದಿದೆ, ಹಬ್ಬಿಗೆ ತಾಗೋ ಮುಖ ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋ ಲೆಕ್ಕ; ರಿಮ್ಮಿನ ಮೇಲೆ ಇಟಿ ಅಂತ ಬರೆದಿರುತ್ತೆ. 6 ಇಂಚು ಅಗಲದ ಇಟಿ 40 ರಿಮ್ ತೆಗೆದು 7 ಇಂಚಿನ ಇಟಿ 35 ಹಾಕಿದ್ರಿ ಅಂತ ಇಟ್ಟುಕೊಳ್ಳಿ. ಹೊರಗಡೆ ಸುಮಾರು 18 ಮಿಲಿಮೀಟರ್ ಚಾಚುತ್ತೆ, ಒಳಗಡೆ ಸುಮಾರು 8 ಮಿಲಿಮೀಟರ್ ಶಾಕ್ ಅಬ್ಸಾರ್ಬರಿನ ಹತ್ತಿರ ಹೋಗುತ್ತೆ. ಅಂಗಡಿಯ ಮುಂದೆ ನಿಂತಾಗ ಎಲ್ಲ ಸರಿ ಕಾಣುತ್ತೆ. ನಾಲ್ಕು ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಂಪ್ ಹತ್ತಿಸಿದಾಗ ಫೆಂಡರಿಗೆ ಉಜ್ಜುತ್ತೆ. ಜನ ಕೂರಿಸಿಕೊಂಡೇ ಪರೀಕ್ಷೆ ಮಾಡಿ.

ಸ್ನೇಹಿತರೊಬ್ಬರ ಗಾಡಿ ನೆಲಮಂಗಲ ದಾಟಿ 90 ಮುಟ್ಟಿದರೆ ಸಾಕು, ಸ್ಟೇರಿಂಗ್ ನಡುಗೋದು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರು. ಕೊನೆಗೆ ಚಕ್ರ ಬಿಚ್ಚಿ ನೋಡಿದರೆ, ಪೋಲೊದ ಹಬ್ 57.1 ಮಿಲಿಮೀಟರ್, ರಿಮ್ಮಿನ ನಡುವಿನ ತೂತು 73.1. ಆ ಸಂದು ತುಂಬಬೇಕಾದ ಬಳೆ, ಸ್ಪಿಗಾಟ್ ರಿಂಗ್ ಅಂತಾರೆ, ಹಾಕೇ ಇರಲಿಲ್ಲ. ಒಂದು ಸಣ್ಣ ರಿಂಗಿಗಾಗಿ ಆರು ತಿಂಗಳು ಒದ್ದಾಡಿದ್ದರು.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಬದಲಾವಣೆ ಮಾಡುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಡಕ್ಕಾಗಿ ಹೇಳಿದೆ. ಹಾಗಾಗಿ ಅದೇ ಮಾದರಿಗೆ ಕಂಪನಿಯೇ ಕೊಟ್ಟಿರೋ ಸೈಜಿನೊಳಗೆ ಇರೋದು ಕ್ಷೇಮ, ಇನ್ಶೂರೆನ್ಸಿನವರಿಗೂ ಬರವಣಿಗೆಯಲ್ಲಿ ತಿಳಿಸಿಡಿ. ಪೋಲೊ ಜಿಟಿಗೆ ಅಂಥ ಸೈಜು ಒಂದಿದೆ. ಆಮೇಲಿನ ಜಿಟಿಗಳಿಗೆ ಕಂಪನಿ 195/55 ಆರ್ 16 ಕೊಟ್ಟಿತು. ಸೈಡ್‌ವಾಲ್ 107 ಮಿಲಿಮೀಟರ್, ಹಳೇದಕ್ಕಿಂತ ನಾಲ್ಕೇ ಕಮ್ಮಿ. ಎತ್ತರ 621, ಅಂದ್ರೆ ಶೇಕಡಾ 3 ಜಾಸ್ತಿ. ಹಳೇ ಗಾಡಿಗೆ ಹಾಕಿದರೆ ಮೀಟರ್ ಮೊದಲು ತೋರಿಸ್ತಿದ್ದದ್ದಕ್ಕಿಂತ ಶೇಕಡಾ 3ರಷ್ಟು ಕಮ್ಮಿ ತೋರಿಸುತ್ತೆ, ಅಷ್ಟು ನೆನಪಿಟ್ಟುಕೊಳ್ಳಿ. ನಾನೀಗ ಹಾಕಿಕೊಂಡಿರೋದು ಇದನ್ನೇ, ಹಗುರವಾದ ರಿಮ್, ಒಳ್ಳೇ ಟೈರ್.

ಕೊನೆಗೆ ಈ ಎರಡು ಬೋಲ್ಟ್ ನೋಡಿ. ಎಡಗೈಯಲ್ಲಿರೋದು ಕಂಪನಿಯದು, ತಲೆಯ ಕೆಳಗೆ ಗುಂಡಗಿದೆ, ಗೋಲಿಯ ಹಾಗೆ. ಬಲಗೈಯಲ್ಲಿರೋದು ಹೊರಗಿನ ಅಲಾಯ್ ಜೊತೆ ಬಂದದ್ದು, ಬುಗುರಿಯ ಹಾಗೆ ಇಳಿಜಾರು. ಗುಂಡು ಬೋಲ್ಟನ್ನ ಇಳಿಜಾರು ತೂತಿಗೆ ಹಾಕಿದರೆ ಬಿಗಿ ಆದ ಹಾಗೆ ಅನ್ನಿಸುತ್ತೆ, ಆದರೆ ತಾಗಿರೋದು ಒಂದು ಗೆರೆಯಷ್ಟು ಮಾತ್ರ. ಓಡ್ತಾ ಓಡ್ತಾ ಸಡಿಲ ಆಗುತ್ತೆ. ಸರಿಯಾದ ಬೋಲ್ಟ್ ಹಾಕಿಸಿ, ಟಾರ್ಕ್ ರೆಂಚ್ ಇಟ್ಟು 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿಸಿ, ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ನೋಡಿಸಿ. ಹಳೇ ಬೋಲ್ಟುಗಳನ್ನ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಸ್ಟೆಪ್ನಿ ಕಂಪನಿಯದೇ ಅಲ್ವಾ, ಅದಕ್ಕೆ ಗುಂಡು ಬೋಲ್ಟೇ ಬೇಕು. ರಾತ್ರಿ ಹೊತ್ತು ಘಾಟಿಯಲ್ಲಿ ಪಂಚರ್ ಆದಾಗ ಅದಿಲ್ಲದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ಐದನ್ನ ಒಂದು ಬಟ್ಟೆಯಲ್ಲಿ ಕಟ್ಟಿ ಸ್ಟೆಪ್ನಿಯ ನಡುವೆ ಇಟ್ಟುಬಿಡಿ.