ಶೋಕಿ, ಶೌಕ್, ಹುನರ್
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ಭಾಷಾ ಶಿಕ್ಷಕರು ಭಾಷೆಯ ಬಗ್ಗೆ, ಇಲ್ಲವೇ ಪರೀಕ್ಷೆಯ ತಯಾರಿಯ ಬಗ್ಗೆ ಮಾತನಾಡುವುದು ರೂಢಿ. ನಾನು ಇಂದು ಸೈಕಲ್ಲಿನ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಆದರೂ ಭಾಷಾ ಶಿಕ್ಷಕನಾದ್ದರಿಂದ ಮೂರು ಪದಗಳಿಂದಲೇ ಆರಂಭಿಸುತ್ತೇನೆ.

ಉರ್ದುವಿನಲ್ಲಿ 'ಶೌಕ್' ಎಂಬ ಪದವಿದೆ. ಯಾರೂ ಹೇಳದೆ, ಯಾರೂ ಬಲವಂತ ಮಾಡದೆ ಮನಸ್ಸು ತಾನಾಗಿಯೇ ಹೋಗುವ ಕಡೆಗೆ ಶೌಕ್ ಎನ್ನುತ್ತೇವೆ. ಕನ್ನಡದ 'ಹವ್ಯಾಸ' ಇದಕ್ಕೆ ಹತ್ತಿರದ ಪದ. ಇದೇ ಶೌಕ್ ಕನ್ನಡಕ್ಕೆ ಬಂದು 'ಶೋಕಿ' ಆಯಿತು. ಅರ್ಥವೂ ಸ್ವಲ್ಪ ಕೆಟ್ಟಿತು. 'ನಿಮ್ಮ ಹುಡುಗ ಬರೀ ಶೋಕಿ ಮಾಡ್ತಾನೆ' ಎಂದರೆ ಅದು ದೂರು. ಮೂರನೆಯ ಪದ 'ಹುನರ್'. ಕೈಗೆ ಹತ್ತಿದ ವಿದ್ಯೆ, ಕುಶಲತೆ ಎಂದು ಅದರ ಅರ್ಥ. ಹುನರ್ ಇದ್ದವನಿಗೆ ಎಲ್ಲ ಕಡೆ ಗೌರವವಿದೆ.

ಒಬ್ಬ ಹುಡುಗನ ಅದೇ ಆಸೆ ಒಂದು ಕಡೆ ಶೋಕಿಯಾಗಿ ಮುಗಿಯುತ್ತದೆ, ಇನ್ನೊಂದು ಕಡೆ ಹುನರ್ ಆಗಿ ಬೆಳೆಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಹುಡುಗನ ಗುಣದಿಂದ ಮಾತ್ರ ಬರುತ್ತದೆಯೇ, ಅಥವಾ ಅವನ ಸುತ್ತಲಿನ ಹಿರಿಯರಾದ ನಮ್ಮಿಂದಲೂ ಬರುತ್ತದೆಯೇ? ಇದಕ್ಕೆ ಅಮೆರಿಕದ ಒಂದು ಸೈಕಲ್ಲಿನ ಕಥೆ ಒಳ್ಳೆಯ ಉತ್ತರ ಕೊಡುತ್ತದೆ.

ಸೈಕಲ್ಲಿಗಿಂತ ಮೊದಲು ಕಾರಿನ ಮಾತು. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಕಡಿಮೆ ಬೆಲೆಗೆ ಕೊಂಡು ತರುತ್ತಿದ್ದರು. ಅದರ ಮಡ್‌ಗಾರ್ಡ್ ಕಳಚುವುದು, ಬಂಪರ್ ಕಳಚುವುದು, ಬೇಡವಾದ ಭಾರವನ್ನೆಲ್ಲ ಇಳಿಸುವುದು, ಎಂಜಿನ್ ಬಿಚ್ಚಿ ಹೆಚ್ಚು ಶಕ್ತಿ ಬರುವಂತೆ ತಿದ್ದುವುದು ಅವರ ಕೆಲಸ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ತಂದ ಮೇಲೆ ಈ ಹುಚ್ಚು ಇನ್ನೂ ಹೆಚ್ಚಿತು. ಇಂಥ ಕಾರುಗಳಿಗೆ 'ಹಾಟ್ ರಾಡ್' ಎಂಬ ಹೆಸರು ಬಂತು. ಮುಂಭಾಗದಿಂದ ಹಿಂದಕ್ಕೆ ಹರಿಯುವ ಬೆಂಕಿಯ ಜ್ವಾಲೆಯ ಚಿತ್ರ ಇವುಗಳ ಗುರುತಾಯಿತು.

ಇವರು ರಸ್ತೆಯಲ್ಲೇ ಪಂದ್ಯ ಕಟ್ಟುತ್ತಿದ್ದಾಗ ಜನರಿಗೆ ತೊಂದರೆಯಾಗುತ್ತಿತ್ತು, ಪ್ರಾಣಹಾನಿಯೂ ಆಗುತ್ತಿತ್ತು. ಬೈಯುವವರು ಬಹಳ ಜನ ಇದ್ದರು. ಆದರೆ ಕೆಲವರು ಬೈದು ಸುಮ್ಮನಾಗಲಿಲ್ಲ. 1937ರಲ್ಲಿ ಹಲವು ಕ್ಲಬ್ಬುಗಳು ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಘ ಕಟ್ಟಿಕೊಂಡವು. ಒಣಗಿದ ಕೆರೆಗಳ ವಿಶಾಲ ಬಯಲಿನಲ್ಲಿ, ಸಮಯ ಅಳೆಯುವ ಯಂತ್ರವಿಟ್ಟು, ನಿಯಮದ ಪ್ರಕಾರ ಓಟ ನಡೆಸಿದವು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ರಾಷ್ಟ್ರ ಮಟ್ಟದ ಹಾಟ್ ರಾಡ್ ಸಂಘ ಸ್ಥಾಪಿಸಿದರು. ಹುಡುಗರನ್ನು ಬೀದಿಯಿಂದ ಸುರಕ್ಷಿತ ಮೈದಾನಕ್ಕೆ ತರುವುದೇ ಅದರ ಉದ್ದೇಶವಾಗಿತ್ತು. ಹುಡುಗರಿಗೆ ಜಾಗ ಕೊಟ್ಟರು, ಅಳತೆ ಕೊಟ್ಟರು, ನಿಯಮ ಕೊಟ್ಟರು. ಈ ಮೂರು ಮಾತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಸೈಕಲ್ಲಿಗೆ ಬರೋಣ. ಕಾರು ಓಡಿಸುವ ವಯಸ್ಸಾಗದ ಮಕ್ಕಳು ಅಣ್ಣಂದಿರನ್ನು ನೋಡಿ ಸುಮ್ಮನಿರುವರೇ? 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳು 20 ಇಂಚು ಚಕ್ರದ ಹಳೆಯ ಸಣ್ಣ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್ ಮತ್ತು ಬಾಳೆಹಣ್ಣಿನ ಆಕಾರದ ಉದ್ದ ಸೀಟು ಜೋಡಿಸಿ ಓಡಿಸತೊಡಗಿದರು. ಶಿಕಾಗೋ ನಗರದ ಶ್ವಿನ್ ಎಂಬ ದೊಡ್ಡ ಸೈಕಲ್ ಕಂಪನಿಯಲ್ಲಿದ್ದ ಅಲ್ ಫ್ರಿಟ್ಜ್ ಅವರಿಗೆ ಈ ಸುದ್ದಿ ತಲುಪಿತು. ಅವರು ಅದನ್ನು ಮಕ್ಕಳಾಟ ಎಂದು ತಳ್ಳಿಹಾಕಲಿಲ್ಲ. ಅದೇ ಮಾದರಿಯಲ್ಲಿ 1963ರಲ್ಲಿ 'ಸ್ಟಿಂಗ್ ರೇ' ಎಂಬ ಸೈಕಲ್ ಹೊರಬಂತು. 1968ರಲ್ಲಿ ಅದರ ಮುಂದಿನ ರೂಪವಾಗಿ 'ಕ್ರೇಟ್' ಮಾದರಿಗಳು ಬಂದವು. ಮುಂದೆ 16 ಇಂಚಿನ ಪುಟ್ಟ ಚಕ್ರ, ಹಿಂದೆ 20 ಇಂಚಿನ ದಪ್ಪ ಟೈರು, ಸ್ಪ್ರಿಂಗ್ ಇರುವ ಫೋರ್ಕು, ಕಾರಿನಂತೆ ಕೈಯಿಂದ ಎಳೆಯುವ ಗೇರ್ ಲಿವರ್, ಸೇಬಿನ ಕೆಂಪು, ಕಿತ್ತಳೆ, ನಿಂಬೆಯ ಹಳದಿ ಬಣ್ಣ. ಹಾಟ್ ರಾಡ್ ಕಾರನ್ನೇ ಸೈಕಲ್ಲಾಗಿ ಮಾಡಿದಂತೆ ಇತ್ತು. ಲಾಸ್ ಏಂಜಲೀಸ್ ಸುತ್ತಲಿನ ಮೆಕ್ಸಿಕನ್ ಮೂಲದ ಮಕ್ಕಳು ಇದೇ ಸ್ಟಿಂಗ್ ರೇ ಸೈಕಲ್ಲುಗಳನ್ನು ನೆಲಕ್ಕೆ ತಗ್ಗಿಸಿ, ಕ್ರೋಮ್ ಹೊಳಪು ಕೊಟ್ಟು, ತಮ್ಮದೇ ಆದ 'ಲೋರೈಡರ್' ಸೈಕಲ್ ಕಲೆಯನ್ನು ಬೆಳೆಸಿದರು.

ಈಗ ವಿದ್ಯಾರ್ಥಿಗಳು ಗಮನವಿಟ್ಟು ಕೇಳಿ. ಇಂಥ ಸೈಕಲ್ ಕಟ್ಟುವುದರಲ್ಲಿ ಓದು ಎಲ್ಲಿದೆ ಎಂದು ಹೇಳುತ್ತೇನೆ.

ಮೊದಲ ಕೆಲಸ ಬಿಚ್ಚುವುದು. ಗುಜರಿಯಲ್ಲಿ ಸಿಗುವ ಹಳೆಯ ಸೈಕಲ್ಲಿನ ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್ ಎಲ್ಲ ತೆಗೆಯಬೇಕು. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ. ಎಲ್ಲ ನಟ್ಟುಗಳಂತೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ಸಂಜೆ ಸೈಕಲ್ ಅಂಗಡಿಯಲ್ಲಿ ಕೂರುವ ಹುಡುಗನಿಗೆ ಇದು ಗೊತ್ತು, ತರಗತಿಯ ಮೊದಲನೇ ರ‍್ಯಾಂಕಿನವನಿಗೆ ಗೊತ್ತಿರಲಿಕ್ಕಿಲ್ಲ.

ಎರಡನೆಯದು ಲೆಕ್ಕ. ಪೆಡಲ್ ಇರುವ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 22 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂಚಕ್ರ ಎರಡು ಸುತ್ತು ತಿರುಗುತ್ತದೆ. 20 ಇಂಚು ವ್ಯಾಸದ ಚಕ್ರದ ಪರಿಧಿ ಸುಮಾರು 63 ಇಂಚು. ಅಂದರೆ ಒಂದು ಪೆಡಲಿಗೆ ಸೈಕಲ್ಲು ಸುಮಾರು 3.2 ಮೀಟರ್ ಮುಂದೆ ಹೋಗುತ್ತದೆ. ಅದೇ ಹಲ್ಲುಗಳು 26 ಇಂಚಿನ ಚಕ್ರಕ್ಕಿದ್ದರೆ 4.1 ಮೀಟರ್ ಹೋಗುತ್ತದೆ, ಆದರೆ ತುಳಿಯಲು ಹೆಚ್ಚು ಬಲ ಬೇಕು. ಸಣ್ಣ ಚಕ್ರದ ಸೈಕಲ್ಲು ನಿಂತ ಜಾಗದಿಂದ ಬೇಗ ಹೊರಡುವುದಕ್ಕೆ ಇದೂ ಒಂದು ಕಾರಣ. 'ಪೈ' ಎಂಬುದು ಯಾಕೆ ಬೇಕು ಸರ್ ಎಂದು ಕೇಳುವ ಮಕ್ಕಳಿಗೆ ಉತ್ತರ ಇಲ್ಲಿದೆ.

ಮೂರನೆಯದು ಫೋರ್ಕು. ಹಾಟ್ ರಾಡ್ ಅಂದ ಬರಲೆಂದು ಮುಂದಿನ ಫೋರ್ಕನ್ನು ಉದ್ದ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಫೋರ್ಕು ಉದ್ದವಾದಷ್ಟೂ ಸೈಕಲ್ಲಿನ ಮುಂಭಾಗ ಮೇಲೇಳುತ್ತದೆ, ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಸನ್ನೆಯ ತತ್ವದಂತೆ ಫೋರ್ಕಿನ ಬುಡದ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಪೈಪಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿದ ಫೋರ್ಕು ಗುಂಡಿಗೆ ಬಿದ್ದರೆ ಮುರಿಯಬಹುದು. ಕ್ರೋಮ್ ಲೇಪನವಿರುವ ಭಾಗವನ್ನು ಹಾಗೆಯೇ ವೆಲ್ಡಿಂಗ್ ಮಾಡಿದರೆ ವಿಷದ ಹೊಗೆ ಬರುತ್ತದೆ. ಆದ್ದರಿಂದ ಫೋರ್ಕು, ವೆಲ್ಡಿಂಗು, ಬ್ರೇಕು, ಈ ಮೂರರ ವಿಷಯದಲ್ಲಿ ಅನುಭವಿ ಮೇಸ್ತ್ರಿಯ ಮಾತೇ ಕೊನೆಯ ಮಾತು. ಅಂದಕ್ಕಾಗಿ ಬ್ರೇಕು ಬಿಚ್ಚಿಟ್ಟರೆ ಅದು ಶುದ್ಧ ಶೋಕಿ.

ನಾಲ್ಕನೆಯದು ಬಣ್ಣ. ಉಪ್ಪುಕಾಗದದಿಂದ ತುಕ್ಕು ಉಜ್ಜಬೇಕು, ಧೂಳು ಒರೆಸಬೇಕು, ಪ್ರೈಮರ್ ಹೊಡೆಯಬೇಕು, ಅದು ಒಣಗಿದ ಮೇಲೆ ತೆಳುವಾಗಿ ಒಂದರ ಮೇಲೊಂದು ಬಣ್ಣ ಕೊಡಬೇಕು. ಜ್ವಾಲೆಯ ಚಿತ್ರ ಬೇಕಾದರೆ ಟೇಪು ಅಂಟಿಸಿ ಅಂಚು ಮಾಡಿಕೊಂಡು, ಮೊದಲು ಹಳದಿ, ನಂತರ ಕಿತ್ತಳೆ, ತುದಿಗೆ ಕೆಂಪು. ಒಂದೇ ಸಲಕ್ಕೆ ದಪ್ಪವಾಗಿ ಬಳಿದರೆ ಬಣ್ಣ ಇಳಿಯುತ್ತದೆ. ತಾಳ್ಮೆಯನ್ನು ನಾವು ಶಿಕ್ಷಕರು ವರ್ಷವಿಡೀ ಬಾಯಲ್ಲಿ ಹೇಳುತ್ತೇವೆ. ಬಣ್ಣದ ಡಬ್ಬಿ ಅದನ್ನು ಎರಡು ದಿನದಲ್ಲಿ ಕಲಿಸುತ್ತದೆ.

ಬಣ್ಣ ಒಣಗುವ ತನಕ ಏನು ಮಾಡುವುದು? ಇನ್ನೊಂದು ಹವ್ಯಾಸದ ಕೆಲಸ ಹಿಡಿಯಬಹುದು. ಹಾಳಾದ ರೇಡಿಯೋ ರಿಪೇರಿ, ಗಾಳಿಪಟ, ಮರದ ಪೆಟ್ಟಿಗೆ, ಯಾವುದಾದರೂ ಸರಿ. ಒಂದೇ ಕಾಲಕ್ಕೆ ಎರಡು ಮೂರು ಕೆಲಸ ಇದ್ದರೆ ತಪ್ಪಿಲ್ಲ. ಒಂದೊಂದಕ್ಕೂ ಬೇರೆ ಡಬ್ಬಿ ಇರಬೇಕು, ಒಂದು ನೋಟ್‌ಬುಕ್ ಇರಬೇಕು, ಹಿಡಿದದ್ದನ್ನು ಮುಗಿಸುವ ಛಲ ಇರಬೇಕು. ಒಂದು ಕೆಲಸದಲ್ಲಿ ಕಲಿತದ್ದು ಇನ್ನೊಂದಕ್ಕೆ ಹೇಗೆ ಬರುತ್ತದೆಂಬುದಕ್ಕೆ ರೈಟ್ ಸಹೋದರರಿಗಿಂತ ದೊಡ್ಡ ಉದಾಹರಣೆ ಬೇಡ. ಅಮೆರಿಕದ ಡೇಟನ್ ಊರಿನಲ್ಲಿ ಅವರು ಮೊದಲು ನಡೆಸಿದ್ದು ಮುದ್ರಣಾಲಯ. 1892ರಲ್ಲಿ ಸೈಕಲ್ ಅಂಗಡಿ ತೆರೆದರು. ಆ ವ್ಯಾಪಾರದ ನಡುವೆಯೇ ಗಾಳಿಪಟ, ಗ್ಲೈಡರುಗಳ ಪ್ರಯೋಗ ನಡೆಯಿತು. 1901ರಲ್ಲಿ ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಲು ಅವರು ಮಾಡಿಕೊಂಡ ಉಪಕರಣದಲ್ಲಿ ಸೈಕಲ್ಲಿನ ಸ್ಪೋಕು ಮತ್ತು ಹಳೆಯ ಗರಗಸದ ಬ್ಲೇಡುಗಳಿದ್ದವು. ಅವರ ವಿಮಾನದ ಎಂಜಿನ್ ಕಟ್ಟಿದ್ದು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್, ಅದೂ ಸುಮಾರು ಆರು ವಾರಗಳಲ್ಲಿ. 1903ರ ಡಿಸೆಂಬರ್ 17ರಂದು ಹಾರಿದ ಆ ವಿಮಾನದ ಪ್ರೊಪೆಲ್ಲರುಗಳನ್ನು ತಿರುಗಿಸಿದ್ದು ಚೈನು ಮತ್ತು ಹಲ್ಲಿನ ಚಕ್ರ.

ಇದನ್ನು ಕೇಳಿ ಕೆಲವು ಹುಡುಗರು 'ಹಾಗಾದರೆ ಪುಸ್ತಕ ಬೇಡ' ಎಂದುಕೊಳ್ಳಬಹುದು. ಅವರಿಗೆ ಇನ್ನೊಂದು ಸಂಗತಿ ಹೇಳಬೇಕು. 1899ರಲ್ಲಿ ವಿಲ್ಬರ್ ರೈಟ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು ಹಾರಾಟದ ಬಗ್ಗೆ ಇರುವ ಪುಸ್ತಕಗಳನ್ನು ಕೇಳಿದ್ದು. ಸಂಸ್ಥೆ ಪುಸ್ತಿಕೆಗಳನ್ನೂ ಪುಸ್ತಕಗಳ ಪಟ್ಟಿಯನ್ನೂ ಕಳಿಸಿತು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಓದುತ್ತಿತ್ತು. ಎರಡರಲ್ಲಿ ಒಂದು ಇಲ್ಲದಿದ್ದರೆ ಆ ವಿಮಾನ ಏಳುತ್ತಿರಲಿಲ್ಲ.

ಸ್ಟಿಂಗ್ ರೇ ಸೈಕಲ್ಲಿನ ಮುಂದಿನ ಕಥೆಯೂ ಇಷ್ಟೇ ಬೋಧಕವಾಗಿದೆ. 1970ರ ದಶಕದ ಆರಂಭದಲ್ಲಿ ಮಕ್ಕಳು ಅದನ್ನೇ ಮಣ್ಣಿನ ದಾರಿಗಳಲ್ಲಿ ಓಡಿಸಿ ಪಂದ್ಯ ಕಟ್ಟಿದರು. ಅದರಿಂದ ಬಿಎಂಎಕ್ಸ್ ಕ್ರೀಡೆ ಹುಟ್ಟಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪದಕ ಕೊಟ್ಟರು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಪ್ರದೇಶದ ಕೆಲವು ಗೆಳೆಯರು ದಶಕಗಳಷ್ಟು ಹಳೆಯ ಶ್ವಿನ್ ಫ್ರೇಮುಗಳಿಗೆ ದಪ್ಪ ಟೈರು ಹಾಕಿ ಬೆಟ್ಟದಿಂದ ಇಳಿಯುವ ಪಂದ್ಯ ಆರಂಭಿಸಿದರು. ಇಳಿದು ಮುಗಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸ್ ಸುಟ್ಟು ಹೋಗುತ್ತಿತ್ತು, ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಾಗುತ್ತಿತ್ತು. ಆ ಕಷ್ಟದಿಂದ ಮೌಂಟನ್ ಬೈಕ್ ರೂಪುಗೊಂಡಿತು. ಅದು 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. 1963ರಲ್ಲಿ ಮಕ್ಕಳ ಕೈಕೆಲಸಕ್ಕೆ ಬೆಲೆ ಕೊಟ್ಟು ಗೆದ್ದ ಶ್ವಿನ್ ಕಂಪನಿ, ಈ ಎರಡು ಹೊಸ ಬಗೆಯ ಸೈಕಲ್ಲುಗಳನ್ನು ಗುರುತಿಸುವುದರಲ್ಲಿ ತಡಮಾಡಿತು. 1992ರಲ್ಲಿ ಅದು ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಕಿರಿಯರು ಮನೆಯ ಹಿತ್ತಲಲ್ಲಿ ಏನು ಕಟ್ಟುತ್ತಿದ್ದಾರೆಂದು ನೋಡದಿದ್ದದ್ದು ಅವುಗಳಲ್ಲಿ ಒಂದು.

ಪಾಲಕರೇ, ಸಂಘದ ಹಿರಿಯರೇ, ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಎಷ್ಟೋ ಮಕ್ಕಳು ಸಂಜೆ ಹೊತ್ತು ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಪಂಕ್ಚರ್ ಅಂಗಡಿಗಳಲ್ಲಿ ಇರುತ್ತಾರೆ. ಸ್ಪೋಕು ಮೀಟಿ ಸದ್ದಿನಿಂದಲೇ ಬಿಗಿ ಹೇಳುವ ಹುಡುಗನನ್ನು ಶಾಲೆಯಲ್ಲಿ 'ದಡ್ಡ' ಎನ್ನುತ್ತೇವೆ. ಅವನಿಗೂ ಅದು ನಿಜವೆನಿಸಿ ಒಂಬತ್ತನೇ ತರಗತಿಗೆ ಶಾಲೆ ಬಿಡುತ್ತಾನೆ. ಅವನ ಬಳಿ ಹುನರ್ ಇತ್ತು, ಪುಸ್ತಕ ಸೇರಲಿಲ್ಲ. ಇನ್ನೊಂದು ಕಡೆ ತೊಂಬತ್ತು ಅಂಕ ಪಡೆದ ಹುಡುಗನಿಗೆ ಪಾನಾ ಹಿಡಿಯಲು ನಾಚಿಕೆ. ಹುಡುಗಿಯರಿಗಂತೂ ಪಾನಾ ಮುಟ್ಟುವ ಅವಕಾಶವನ್ನೇ ನಾವು ಕೊಟ್ಟಿಲ್ಲ. ಸೈಕಲ್ಲಿನ ಚೈನು ಕಳಚಿದರೆ ಹತ್ತನೇ ತರಗತಿಯ ಹುಡುಗಿ ಯಾರಾದರೂ ಬರಲೆಂದು ದಾರಿಯಲ್ಲಿ ನಿಂತುಕೊಳ್ಳಬೇಕೇ?

ನಮ್ಮ ಸಂಘ ಪ್ರತಿ ವರ್ಷ ಅಂಕ ಪಡೆದವರನ್ನು ಸನ್ಮಾನಿಸುತ್ತದೆ. ಅದು ಆಗಲೇಬೇಕು. ಅದರ ಜೊತೆಗೆ ನನ್ನದೊಂದು ವಿನಂತಿ. ಒಂದು ಕೋಣೆ ಕೊಡಿ. ಅದರಲ್ಲಿ ಒಂದು ಮೇಜು, ಪಾನಾಗಳ ಒಂದು ಸೆಟ್ಟು, ಅಳತೆಯ ಟೇಪು, ಎರಡು ಹಳೆಯ ಸೈಕಲ್ಲು, ಒಂದು ಕಪಾಟು ಪುಸ್ತಕ ಇರಲಿ. ತಿಂಗಳಿಗೆ ಎರಡು ಭಾನುವಾರ ಒಬ್ಬ ಮೇಸ್ತ್ರಿ ಮತ್ತು ಒಬ್ಬ ಗಣಿತದ ಮೇಷ್ಟ್ರು ಒಟ್ಟಿಗೆ ಅಲ್ಲಿ ಕೂರಲಿ. ಮೇಸ್ತ್ರಿಗೂ ಮೇಷ್ಟ್ರಿಗೆ ಕೊಡುವಷ್ಟೇ ಗೌರವದ ಕುರ್ಚಿ ಇರಲಿ. ಗ್ಯಾರೇಜಿನ ಹುಡುಗ ಅಲ್ಲಿಗೆ ಬಂದು ಕಲಿಸಲಿ, ಲೆಕ್ಕ ಕಲಿತು ಹೋಗಲಿ. ಹುಡುಗಿಯರಿಗೂ ಬಾಗಿಲು ತೆರೆದಿರಲಿ. ಜಾಗ, ಅಳತೆ, ನಿಯಮ ಎಂದು ಆಗಲೇ ಹೇಳಿದೆನಲ್ಲ, ಆ ಮೂರನ್ನೂ ಕೊಡಲು ನಮ್ಮಿಂದ ಸಾಧ್ಯವಿದೆ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ಸೈಕಲ್ಲಿಗೆ ಜ್ವಾಲೆಯ ಬಣ್ಣ ಬಳಿಯುವ ಆಸೆ ಇದ್ದರೆ ಬಳಿಯಿರಿ. ಆದರೆ ಅದಕ್ಕೆ ಮೊದಲು ಅದರ ಚೈನು, ಬ್ರೇಕು, ಬೇರಿಂಗು ನಿಮ್ಮ ಕೈಯಿಂದಲೇ ಸರಿಯಾಗಿರಲಿ. ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಕನ್ನಡದಲ್ಲಾಗಲಿ, ಉರ್ದುವಿನಲ್ಲಾಗಲಿ. ತಂದಿಟ್ಟ ನೋಟ್‌ಬುಕ್ಕನ್ನು ನಾನು ಖಂಡಿತ ಓದುತ್ತೇನೆ.